ಛತ್ರೆಪ್ಪನ ಗೋಡೆ

ಹಳೆ ಗೋಡೆ ಬೀಳುವ ಮೊದಲು ಒಂದು ವಾಸನೆ ಬರುತ್ತದೆ. ಮೊದಲು ಒದ್ದೆ ಸುಣ್ಣದ್ದು, ಅದರ ಹಿಂದೆಯೇ ಎಷ್ಟೋ ವರ್ಷ ಗಾಳಿ ಕಾಣದ ಮಣ್ಣಿನದು. ಹೋದ ವಾರ ಬಸುರಿ ತಂಗಿಯ ಕುಬಸಕ್ಕೆ ಸೀರೆ ತರಲೆಂದು ಜಮಖಂಡಿಯ ಬಜಾರಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಯಾವುದೋ ಹಳೆ ಮನೆ ಕೆಡವುತ್ತಿದ್ದರು. ಹಿಂದಿನ ದಿನ ಮಳೆಯಾಗಿತ್ತು. ಆ ವಾಸನೆ ಮೂಗಿಗೆ ತಾಗಿದ್ದಷ್ಟೇ ಗೊತ್ತು, ಆಮೇಲೆ ನೋಡಿದರೆ ರಸ್ತೆಯ ನಡುಮಧ್ಯ ನಿಂತಿದ್ದೆ, ಬಲಗೈಯ ಬೆರಳು ಬಿಗಿಯಾಗಿ ಮಡಚಿಕೊಂಡಿದ್ದವು. ಎದುರಿಗೆ ಆಟೋ ಒಂದು ಗಕ್ಕನೆ ನಿಂತಿತ್ತು.

"ಅಕ್ಕಾರ, ಜೀವಾ ಸಾಕಾಗೇತೇನ್ರಿ? ಬದೀಗಿ ನಡೀರಲಾ!" ಅಂದ ಆಟೋದವ.

ಬದಿಗೆ ಹೋಗಲು ಆಗುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ. ಬದಿಗೆ ಗೋಡೆಗಳಿರುತ್ತವೆ. ಬನಹಟ್ಟಿಯ ಆ ಮಳೆಗಾಲದಿಂದ ಈಚೆ ನಾನು ಗೋಡೆಯ ಮಗ್ಗುಲಲ್ಲಿ ನಡೆದಿಲ್ಲ. ಇದನ್ನು ಮನೆಯಲ್ಲೂ ಯಾರಿಗೂ ಬಿಡಿಸಿ ಹೇಳಿಲ್ಲ. ಕೇಳಿದವರಿಗೆ ರಸ್ತೆ ಬದಿ ರಾಡಿ ಅನ್ನುತ್ತೇನೆ.

ಆ ವರ್ಷ ಬನಹಟ್ಟಿಯ ಒಂದು ಕಾಲೇಜಿನಲ್ಲಿ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಊರು ಮುಧೋಳ. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ನೇಕಾರ ಓಣಿಯೊಂದರಲ್ಲಿ ಮಾಳಿಗೆಯ ಮೇಲಿನ ಕೋಣೆ ಹಿಡಿದೆ. ಕೆಳಗೆ ಕೂಲಿಯವರು ನಡೆಸುವ ಮಗ್ಗ. ಮೊದಲ ರಾತ್ರಿಗಳು ಆ ಖಟಪಟ ಸದ್ದಿಗೆ ನಿದ್ದೆ ಬರಲಿಲ್ಲ. ತಿಂಗಳೊಳಗೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರವಾಗತೊಡಗಿತು.

ಮನೆಯಲ್ಲಿ ಇದ್ದವರು ಇಬ್ಬರೇ, ಸುವರ್ಣಾ ಮತ್ತು ಅವಳ ಕಾಕಾ ಗುರುಪಾದಪ್ಪ. ಸುವರ್ಣಾ ನನ್ನ ಓರಗೆಯವಳು. ಪಿಯುಸಿ ಮುಗಿಸಿ, ಚಿತ್ರಕಲೆಯ ಕೋರ್ಸನ್ನೂ ಮಾಡಿಕೊಂಡು, ಎಲ್ಲೂ ಡ್ರಾಯಿಂಗ್ ಟೀಚರ ಹುದ್ದೆ ಸಿಗದೆ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓರಗೆಯವಳಾದರೂ ನನ್ನನ್ನು "ಅಕ್ಕೋರ" ಎಂದೇ ಕರೆದಳು. ಆ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಮೊದಮೊದಲು ಅದರಲ್ಲಿ ಗೌರವ ಇತ್ತು, ಆಮೇಲಾಮೇಲೆ ಬರೀ ಚೇಷ್ಟೆ.

ಕಾಕಾ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ತೆಗೆಯುವವರು. ಚೌಕಗಳ ಕಾಗದ ಹರಡಿಕೊಂಡು ಒಂದೊಂದೇ ಚೌಕವನ್ನು ಪೆನ್ಸಿಲಿನಿಂದ ತುಂಬುತ್ತ ಕೂತಿರುತ್ತಿದ್ದರು. ಕಂಪ್ಯೂಟರ್ ಬಂದು ಈ ಕೆಲಸ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ತಮ್ಮ ಕಾಗದ ನೋಡಿಯೇ ಕಂಪ್ಯೂಟರ್ ಕಲಿಯಿತು ಎಂಬಂತೆ ಮಾತಾಡುತ್ತಿದ್ದರು. ನಾನು ಹೋದ ಹೊಸತರಲ್ಲಿ ಒಂದು ಸಂಜೆ ಹಣೆಗೆ ಕೈಯಿಟ್ಟು ಕೂತಿದ್ದರು.

"ಮೂಲಿಮನಿ ಕೆಟ್ಟತು ನೋಡವಾ. ಇನ್ನ ಅದರ ಮಗ್ಗಲಿನ ಮನಿಗೋಳೂ ಕೆಡತಾವು."

ನಾನು ಗಾಬರಿಯಾಗಿ ಕೇಳಿದೆ, "ಯಾರ ಮನೀರಿ ಕಾಕಾ? ಏನಾತು?"

ಒಳಗಿನಿಂದ ಸುವರ್ಣಾ ನಕ್ಕ ಸದ್ದಿಗೆ ಮಗ್ಗ ನಿಂತಿತೇನೋ ಅನ್ನಿಸಿತು. "ಅಕ್ಕೋರ, ಮನಿ ಅಂದ್ರ ಕಾಗದದಾಗಿನ ಚೌಕ್ರಿ! ಚೌಕಾಬಾರಾ ಆಡಿಲ್ಲೇನ್ ನೀವು?" ಆಡಿದ್ದೆ. ಆದರೆ ಒಂದು ಮನೆ ಕೆಟ್ಟರೆ ಇಷ್ಟು ದುಃಖಪಡುವವರನ್ನು ನೋಡಿರಲಿಲ್ಲ.

ಆ ಮಾತೇ ಮುಂದಿನದಕ್ಕೆಲ್ಲ ಬೀಜವಾಯಿತು. ನನ್ನ ತಮ್ಮ ನನ್ನ ಮೊಬೈಲಿನಲ್ಲಿ ಹಳೆಯ ವಿಡಿಯೋ ಗೇಮ್ ಒಂದನ್ನು ಹಾಕಿಕೊಟ್ಟಿದ್ದ. ನಾವು ಚಿಕ್ಕವರಿದ್ದಾಗ ಟಿವಿಗೆ ಕ್ಯಾಸೆಟ್ ಚುಚ್ಚಿ ಆಡುತ್ತಿದ್ದ ಆಟ. ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದು ಹೋಗಿರುತ್ತಿದ್ದುದರಿಂದ ಅದರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೇಲಿನಿಂದ ಇಟ್ಟಿಗೆ ಬೀಳುತ್ತವೆ. ಕೆಳಗೆ ಕೊಡೆ ಹಿಡಿದ ಕುಳ್ಳನೊಬ್ಬ ಅತ್ತಿತ್ತ ಓಡಿ ತಪ್ಪಿಸಿಕೊಳ್ಳಬೇಕು. ಕೊಡೆಗೆ ಒಂದೆರಡು ಏಟು ತಾಳುವ ಶಕ್ತಿ, ಅಷ್ಟೇ.

ಮಾಳಿಗೆಯ ಮೇಲೆ ಸಂಜೆ ನಾನು ಅದನ್ನು ಆಡುತ್ತಿದ್ದಾಗ ಸುವರ್ಣಾ ಬಗ್ಗಿ ನೋಡಿ ಕಿರುಚಿದಳು. "ಛತ್ರೆಪ್ಪ! ಅಯ್ಯ ನನ್ನ ಛತ್ರೆಪ್ಪ! ಎಲ್ಲಿ ಹೋಗಿದ್ದ್ಯೋ?"

ರಬಕವಿಯಲ್ಲಿ ಅವಳ ಅಜ್ಜಿಮನೆಯ ಹತ್ತಿರ ಒಂದು ಅಂಗಡಿಯಲ್ಲಿ ಈ ಆಟ ಇತ್ತಂತೆ. ಛತ್ರಿ ಹಿಡಿದವನಾದ್ದರಿಂದ ಛತ್ರೆಪ್ಪ. ಯಾವ ಇಟ್ಟಿಗೆಗೂ ಸಿಗದೆ ನುಣುಚಿಕೊಳ್ಳುವ ಕಿಲಾಡಿಯಾದ್ದರಿಂದ ಇನ್ನೂ ಛತ್ರೆಪ್ಪ. ಆಡುತ್ತಿದ್ದವರು ಗಂಡುಹುಡುಗರು. ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಮಗ ಕೈಯಾಗ ಕೊಡ್ತಿರಲಿಲ್ರಿ. ನಾ ಬರೇ ಕಣ್ಣಾಗ ಆಡೇನಿ," ಅಂದಳು. ಆ ದಿನ ಮೊಬೈಲು ನನಗೆ ವಾಪಸು ಸಿಗಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳು ಆಟ ನಿಲ್ಲಿಸಿ ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸಿ ನೋಡುತ್ತಿದ್ದಳು.

"ಅಕ್ಕೋರ, ನೋಡ್ರಿಲ್ಲೆ. ಇವು ಮನಿ ಅಲ್ಲೇನು? ಮೂಗಿಗಿ ಒಂದ ಮನಿ, ಕಣ್ಣಿಗಿ ಒಂದ ಮನಿ. ಯಾವ ದೇಶದಾಗೋ ನಮ್ಮ ಕಾಕಾನಂಥಾವ ಒಬ್ಬಾವ ಕುಂತು ಒಂದೊಂದ ಮನಿ ತುಂಬ್ಯಾನ."

ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ, "ಇವನ್ನ ಗ್ವಾಡಿ ಮ್ಯಾಲ ಹಾಕಿದ್ರ ಎಷ್ಟು ದೊಡ್ಡಾಂವ ಆಗಬಹುದು?" ಅಂದಳು.

ಗೋಡೆ ಎದುರಿಗೇ ಇತ್ತು. ಈರಪ್ಪ ಸಾವಕಾರರ ಮುಚ್ಚಿದ ಮಗ್ಗದ ಶೆಡ್ಡಿನ ಗೋಡೆ, ಓಣಿಯುದ್ದಕ್ಕೂ ಮಲಗಿದಂತಿತ್ತು. ಒಳಗೆ ಕಲ್ಲು ಮಣ್ಣು, ಹೊರಗೆ ಸುಣ್ಣದ ಗಾರೆ. ಸಂಜೆಯಾದರೆ ಹೋಗಿ ಬರುವ ಗಂಡಸರಿಗೆಲ್ಲ ಅದೇ ಮರೆ. ಸಾವಕಾರರು ನಮ್ಮ ಮಾತು ಕೇಳಿ ಖುಷಿಯಾದರು.

"ದೇವರ ಚಿತ್ರಾ ತಗೀರಿ ಹಂಗಾರ. ಯಾವ ಮಗನೂ ಇಲ್ಲಿ ಉಚ್ಚಿ ಹೊಯ್ಯಂಗಿಲ್ಲ."

"ದೇವರನ್ನ ಉಚ್ಚಿ ಕಾಯಾಕ ನಿಂದ್ರಸ್ತೀರೇನ್ರಿ ಸಾವಕಾರ್ರ? ಆ ಕೆಲಸಕ್ಕ ನಮ್ಮ ಛತ್ರೆಪ್ಪ ಸಾಕ್ರಿ," ಅಂದಳು ಸುವರ್ಣಾ. ಅವರು ಹೊಟ್ಟೆ ಕುಣಿಸಿ ನಕ್ಕು, "ಏನರೆ ಮಾಡ ಹೋಗವಾ, ಗ್ವಾಡಿ ಛಂದ ಕಂಡ್ರ ಆತು," ಅಂದರು.

ಗೋಡೆಯ ಮೇಲೆ ಚೌಕ ಹಾಕುವುದು ಹೇಗೆಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಸುವರ್ಣಾ ಮಗ್ಗದ ಹಾಸಿನ ಗಟ್ಟಿ ನೂಲೊಂದನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಆ ಕಡೆ ನಿಲ್ಲಿಸಿದಳು. ತಾನು ಈ ತುದಿ ಹಿಡಿದು ಬಿಗಿ ಮಾಡಿ, ಇನ್ನೊಂದು ಕೈಯಿಂದ ದಾರ ಎಳೆದು ಬಿಟ್ಟಳು. ಟಪ್ ಅಂದಿತು. ದಾರ ತೆಗೆದರೆ ಗೋಡೆಯ ಮೇಲೆ ಉದ್ದಕ್ಕೂ ನೀಲಿ ಗೆರೆ, ಚಾಕುವಿನಿಂದ ಕೊಯ್ದಷ್ಟು ನೇರ.

ನನ್ನ ಇಡೀ ಕೆಲಸ ಆ ದಾರದ ಇನ್ನೊಂದು ತುದಿ ಹಿಡಿಯುವುದೇ ಆಗಿತ್ತು. ಕಾಲೇಜಿನಿಂದ ಬಂದು ಚಹಾ ಕುಡಿದು ಗೋಡೆಗೆ ಹೋಗುವುದು. "ಹಿಡೀರಿ ಅಕ್ಕೋರ," ಟಪ್. "ಇಳಸ್ರಿ," ಟಪ್. "ಬಿಡ್ರಿ." ನನ್ನ ಬಲಗೈಯ ಬೆರಳು ಉಗುರಿನ ಸಂದಿಯವರೆಗೂ ನೀಲಿ. ತರಗತಿಯಲ್ಲಿ ಹುಡುಗಿಯರು ಅದನ್ನು ನೋಡಿ ಮೂತಿ ಮುಚ್ಚಿಕೊಂಡು ನಗುತ್ತಿದ್ದರು. ಓದು ಮುಗಿದ ಮೇಲೆ ಯಾರೂ ನನ್ನನ್ನು ಒಂದು ಕೆಲಸಕ್ಕೆ ಹೀಗೆ ಕರೆದಿರಲಿಲ್ಲ. ದಾರ ಬಿಗಿಯಾದಾಗ ಆ ತುದಿಯಲ್ಲಿ ಅವಳು ಉಸಿರಾಡುವುದೂ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

ಕಾಕಾ ಗೋಡೆಯ ಬುಡದ ಕಟ್ಟೆಯ ಮೇಲೆ ಬೆನ್ನು ಆನಿಸಿ ಕೂತು ಉಸ್ತುವಾರಿ ಮಾಡುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ, ಅವರ ಕರಿ ಕೊಡೆ ತಲೆಯ ಮೇಲೆ ಬಿಚ್ಚಿಯೇ ಇರುತ್ತಿತ್ತು. ಗೋಡೆಗೆ ಬೆನ್ನು ಮಾಡಿದ್ದರೂ "ಲೇ ಸುವ್ವಿ, ಆ ಮನಿ ತಪ್ಪೇತಿ" ಎಂದು ಕೂಗುವರು. "ಬೆನ್ನಾಗ ಕಣ್ಣ ಅದಾವೇನೋ ಕಾಕಾ ನಿನಗ?" ಎಂದು ಅವಳು ಬೈಯುವಳು. ಹತ್ತಕ್ಕೆ ಎಂಟು ಸಲ ಮನೆ ಸರಿಯೇ ಇರುತ್ತಿತ್ತು. ಉಳಿದ ಎರಡು ಸಲದ ಸಂಭ್ರಮ ಅವರಿಗೆ ವಾರಕ್ಕೆ ಸಾಕು.

ಇನ್ನೇನು ಮುಗಿಯಿತು ಅನ್ನುವಾಗ ಅವರು ಎದ್ದು ನಿಂತು ಗಂಭೀರವಾಗಿ ಹೇಳಿದರು, "ಕಡೀ ಮನಿ ತುಂಬಬ್ಯಾಡ. ಬಿಡು."

ಅದು ಅವರ ಮನೆತನದ ರೂಢಿ. ಬೇರೆಯವರ ಮನೆಯ ದಡಿಯನ್ನು ನೋಡಿ ತಂದು ನೇಯ್ದರೆ ಮೂಲೆಯಲ್ಲಿ ಒಂದು ಚೌಕ ಖಾಲಿ ಬಿಡಬೇಕು. ಗಿರಾಕಿಗೆ ಕಾಣುವುದಿಲ್ಲ, ನೇಯುವವನ ಕಣ್ಣಿಗೆ ಕಾಣುತ್ತದೆ. "ಇದು ನಂದಲ್ಲಪಾ, ನಿಮ್ಮ ಕಡಿಂದ ಬಂದದ್ದು ಅಂತ ಹೇಳಿದಂಗ. ಒಂದ ಮನಿ ಬಿಟ್ರ ಕದ್ದಂಗಲ್ಲ, ಕೇಳಿ ತಂದಂಗ."

"ಕೇಳದನ ಬಿಟ್ರ?" ಎಂದು ನಾನು ಕೇಳಿದೆ.

"ಬಿಡೂದ ಕೇಳೂದಲ್ಲೇನ?" ಅಂದರು ಕಾಕಾ.

ಸುವರ್ಣಾ ಛತ್ರೆಪ್ಪನ ಕೊಡೆಯ ತುದಿಯಲ್ಲಿ ಒಂದು ಮನೆ ಬಿಳಿಯಾಗಿಯೇ ಬಿಟ್ಟಳು. ನೋಡಿದವರೆಲ್ಲ ಬಣ್ಣ ತೀರಿತೇ ಎಂದು ಕೇಳುತ್ತಿದ್ದರು.

ಛತ್ರೆಪ್ಪ ಊರಿಗೆ ಹಿಡಿಸಿದ. ಪಕ್ಕದೂರು ಚಿಮ್ಮಡದಿಂದ ಆಟೋ ಮಾಡಿಕೊಂಡು ಬಂದು ಅವನ ಕೊಡೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಮದುವೆ ಗೊತ್ತಾದ ಜೋಡಿಯೊಂದು ಬಂದು, ಹುಡುಗ ಇಟ್ಟಿಗೆಗಳನ್ನು ಕೈಯಿಂದ ತಡೆದಂತೆ, ಹುಡುಗಿ ಹೆದರಿದಂತೆ ನಿಂತರು. ಗೋಡೆಗೆ ಉಚ್ಚೆ ಹೊಯ್ಯುವುದು ನಿಂತಿತು. ಯಾರೋ ಮಾಡಿದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಎಲ್ಲೆಲ್ಲೋ ಹೋಯಿತು. ಸುವರ್ಣಾ ಕಂಡಿಕೆ ಸುತ್ತುತ್ತ ಹೊರಗೆ ಬಂದವರ ಮಾತು ಕೇಳುತ್ತಿದ್ದಳು. ಯಾರು ತೆಗೆದದ್ದೆಂದು ಯಾರಾದರೂ ಕೇಳಿದರೆ ರಾಟೆ ಒಂದು ಕ್ಷಣ ನಿಲ್ಲುತ್ತಿತ್ತು.

ಒಂದು ದಿನ ಆ ವಿಡಿಯೋ ಕಾಣೆಯಾಯಿತು. ಹಾಕಿದ ಹುಡುಗ ನಮ್ಮಲ್ಲಿಗೆ ಓಡಿ ಬಂದ. ಅವನಿಗೆ ಬಂದ ಸಂದೇಶದಲ್ಲಿ ಈ ಚಿತ್ರದ ಕಾಪಿರೈಟ್ ಬೇರೆಯವರದು, ಅವರ ದೂರಿನ ಮೇಲೆ ತೆಗೆದುಹಾಕಲಾಗಿದೆ ಎಂದಿತ್ತು. ಎಲ್ಲೋ ಹೊರದೇಶದ ಕಂಪನಿ. ಛತ್ರೆಪ್ಪನಿಗೆ ಒಬ್ಬ ಒಡೆಯ ಇದ್ದಾನೆಂದು ನಮಗೆ ಅಂದು ಗೊತ್ತಾಯಿತು.

ಸಾವಕಾರರ ನಗು ಅಡಗಿತು. "ಕಾಪಿ ರೈಟ್ ಅಂದ್ರ ಕಾಪಿ ಮಾಡೂದು ರೈಟ್ ಅಂತಲ್ಲೇನ್ರಿ ಅಕ್ಕೋರ?" ಎಂದು ಕೇಳಿದರು, ಪರೀಕ್ಷೆಯ ಹುಡುಗನ ಹಾಗೆ ಆಸೆಯಿಂದ. ಅಲ್ಲವೆಂದೆ. "ಹಂಗಾರ ಗ್ವಾಡಿ ನಂದು ಅಂತ ನನ್ನ ಹಿಡೀತಾರ. ಸುಣ್ಣಾ ಬಳದು ಬಿಡ್ರವಾ."

ನಾನು ಓದಿ ತಿಳಿದಷ್ಟನ್ನು ಹೇಳಿದೆ. ಚಿತ್ರ ತೆಗೆದವನ ಅನುಮತಿ ಬೇಕು, ಲಾಭ ಮಾಡಿಕೊಳ್ಳದಿದ್ದರೂ ಬೇಕಾಗಬಹುದು, ಒಂದು ಮನೆ ಖಾಲಿ ಬಿಟ್ಟದ್ದನ್ನು ಯಾವ ನ್ಯಾಯಾಲಯವೂ ಅನುಮತಿ ಎಂದು ಒಪ್ಪಲಿಕ್ಕಿಲ್ಲ. ಕಾಕಾ ಒಪ್ಪಲಿಲ್ಲ. "ಹಂಗಾರ ರುದ್ರಾಕ್ಷಿ ದಡಿ ಯಾರದು? ತೇರಿನ ದಡಿ ಯಾರದು? ಅವರೂ ಬಂದು ಕೇಳಲಿ ನೋಡೂನು!" ಎಂದು ಕೊಡೆಯನ್ನು ನೆಲಕ್ಕೆ ಕುಟ್ಟಿದರು. ಆ ಕಂಪನಿಗೆ ಇಮೇಲ್ ಮಾಡಿ ಕೇಳೋಣವೆಂದು ನಾನೇ ಮಾಡಿದೆ. ನಿಮ್ಮ ಪತ್ರ ತಲುಪಿತು ಎಂದು ಯಂತ್ರ ಬರೆದ ಉತ್ತರ ಬಂತು, ಮತ್ತೇನೂ ಬರಲಿಲ್ಲ.

ಸುವರ್ಣಾ ಈ ಯಾವ ವಾದಕ್ಕೂ ಸೇರಲಿಲ್ಲ. ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಹೇಳಿದಳು, "ಮನಿ ಯಾರಪ್ಪಂದೂ ಅಲ್ಲ ಕಾಕಾ. ಖರೆ. ಆದ್ರ ತುಂಬೂ ರೀತಿ ತುಂಬಿದಾಂವಂದು. ನಿನ್ನ ದಡಿ ಯಾರರೆ ಹಂಗಽ ಎತ್ತಿದ್ರ ನೀ ಊಟಾ ಬಿಡ್ತಿ. ಛತ್ರೆಪ್ಪನ್ನ ತಗದಾಂವಗೂ ಹೊಟ್ಟಿ ಉರೀತದ."

ಮರುದಿನ ತಾನೇ ಸುಣ್ಣ ಕಲಸಿ ಛತ್ರೆಪ್ಪನನ್ನು ಅಳಿಸಿದಳು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಹಾಗೇ ಬಿಟ್ಟಳು, ಇಟ್ಟಿಗೆ ಯಾರ ಸೊತ್ತೂ ಅಲ್ಲವೆಂದು. ಓಣಿ ಹೆಂಗಸರು ಲೊಚಗುಟ್ಟಿದರು. ಅವಳು ಮಾತ್ರ ಹಲ್ಲು ಕಚ್ಚಿ ಕೊನೆಯ ಕಪ್ಪು ಚುಕ್ಕಿ ಹೋಗುವವರೆಗೂ ಕುಂಚ ಆಡಿಸಿದಳು. ಬಾಗಿಲಲ್ಲಿ ನಿಂತು ಕಣ್ಣಲ್ಲೇ ಆಡಿದ್ದ ಆಟವನ್ನು ತನ್ನ ಕೈಯಿಂದಲೇ ಮುಗಿಸಬೇಕಾಗಿತ್ತು.

ನಾಲ್ಕಾರು ದಿನ ಮಂಕಾಗಿದ್ದಳು. ಆಮೇಲೆ ಒಂದು ಮುಂಜಾನೆ ನನ್ನ ಕೋಣೆಗೆ ಬಂದು ಚೌಕದ ಕಾಗದವೊಂದನ್ನು ಹಾಸಿದಳು. ಪೆನ್ಸಿಲ್ಲಿನ ಮನೆಗಳಲ್ಲಿ ಒಬ್ಬ ಮುದುಕ ಕೂತಿದ್ದ. ಧೋತರ, ಗಾಂಧಿ ಟೊಪ್ಪಿಗೆ, ಮೂಗಿನ ತುದಿಗೆ ಜಾರಿದ ಕನ್ನಡಕ, ತಲೆಯ ಮೇಲೆ ಬಿಚ್ಚಿದ ಕೊಡೆ. ಒಂದು ಕೈ ಎತ್ತಿ ಯಾವುದೋ ಮನೆ ತಪ್ಪಿದೆ ಎಂದು ತೋರಿಸುತ್ತಿದ್ದ.

"ಕಾಕಾ!" ಅಂದೆ.

"ಹೌದ್ರಿ. ಖರೇ ಛತ್ರೆಪ್ಪ ಮನ್ಯಾಗಽ ಇದ್ದ, ನಾ ಟಿವ್ಯಾಗ ಹುಡುಕಾಕತ್ತಿದ್ನಿ." ಕಾಗದದ ಮೂಲೆಗೆ ಬೆರಳು ಇಟ್ಟಳು. "ಇಲ್ಲಿ ನೋಡ್ರಿ. ಒಂದೂ ಮನಿ ಬಿಟ್ಟಿಲ್ಲ. ಬಿಡೂದೂ ಇಲ್ಲ. ಇದು ನಂದು."

ಅಷ್ಟು ಸಣ್ಣ ಮಾತನ್ನು ಅಷ್ಟು ದೊಡ್ಡದಾಗಿ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ. ಕೆಳಗೆ ತನ್ನ ಹೆಸರನ್ನೂ ಹಾಕುತ್ತೇನೆಂದಳು. ಕಾಕಾಗೆ ಹೇಳಬೇಡಿ, ಗೋಡೆಯ ಮೇಲೆ ಬಂದ ಮೇಲೆಯೇ ನೋಡಲಿ ಅಂದಳು.

ಆದರೆ ಮಳೆ ಹಿಡಿಯಿತು. ನಮ್ಮ ಕಡೆ ಅಂಥ ಮಳೆ ಅಪರೂಪ. ದಿನಗಟ್ಟಲೆ ಜಿಟಿಜಿಟಿ, ಬಟ್ಟೆ ಒಣಗದು, ಮಗ್ಗದ ಗಂಜಿಯ ಹುಳಿ ವಾಸನೆ ಮನೆಯೊಳಗೆ ಕಟ್ಟಿಕೊಂಡು ನಿಂತಿತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು. "ಹೊಳಿ ಬಂದೈತಿ" ಎಂದು ರಬಕವಿಯ ಕಡೆಯಿಂದ ಜನ ಗಂಟು ಕಟ್ಟಿಕೊಂಡು ನೆಂಟರ ಮನೆಗಳಿಗೆ ಬರತೊಡಗಿದರು. ಸುವರ್ಣಾ ಮಾಳಿಗೆಯಲ್ಲಿ ನಿಂತು ಮೋಡಕ್ಕೆ ಬೈಯುವಳು. ಗೋಡೆಯ ಮೇಲೆ ಬೀಳುತ್ತಿದ್ದ ಇಟ್ಟಿಗೆಗಳ ಕೆಳಗೆ ಬಿಳಿ ಜಾಗ ಹಾಗೇ ಕಾಯುತ್ತಿತ್ತು.

ಮಳೆ ಬಿಟ್ಟು ಬಿಸಿಲು ಕಂಡ ಮೊದಲ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಎರಡು ದಿನ ಗಾರೆ ಆರಲಿ ಎಂದು ಕಾಕಾ ಹೇಳಿದ್ದು ಬಣ್ಣ ಹಿಡಿಯಲಿಕ್ಕಿಲ್ಲವೆಂದು. ಗೋಡೆಯ ಬಗ್ಗೆ ಯಾರ ಮನಸ್ಸಿನಲ್ಲೂ ಭಯ ಇರಲಿಲ್ಲ. "ಬರೇ ಗೆರಿ ಹೊಡ್ಯೂನ್ರಿ ಅಕ್ಕೋರ, ಬಣ್ಣಾ ನಾಳೆ," ಅಂದಳು. ಕಾಕಾ ಎಂದಿನಂತೆ ಕಟ್ಟೆಯ ಮೇಲೆ ಕೂತು ಕೊಡೆ ಬಿಚ್ಚಿದರು.

ಮುಂದಿನದನ್ನು ನಾನು ಎಷ್ಟು ಸಲ ತಿರುಗಿ ನೋಡಿದ್ದೇನೋ. ಬಸ್ಸಿನಲ್ಲಿ, ತರಗತಿಯಲ್ಲಿ ಹುಡುಗರು ಬರೆಯುತ್ತಿರುವಾಗ, ಒಗ್ಗರಣೆ ಹಾಕುವಾಗ. ಪ್ರತಿ ಸಲವೂ ಮೊದಲ ಗೆರೆಯಿಂದಲೇ ಶುರುವಾಗುತ್ತದೆ.

"ಹಿಡೀರಿ," ಅಂದಳು. ಹಿಡಿದೆ. ಟಪ್. ದಾರ ತೆಗೆದರೆ ಗೆರೆ ನಡುವಿನಲ್ಲಿ ಮಾತ್ರ ಬಿದ್ದಿತ್ತು. ನನ್ನ ಕಡೆಯೂ ಅವಳ ಕಡೆಯೂ ಗೋಡೆ ಖಾಲಿ.

"ನೀಲಿ ಒಣಗೇತಿ," ಅಂದಳು. ಬಕೆಟ್ಟಿನಲ್ಲಿ ಮತ್ತೆ ಅದ್ದಿದಳು. ಟಪ್. ಮತ್ತೆ ನಡುವೆ ಮಾತ್ರ, ಈ ಸಲ ಅಲ್ಲಿ ದಪ್ಪನೆಯ ಗೆರೆ. "ನೀವು ಬಿಗಿ ಹಿಡದಿಲ್ರಿ." "ಹಿಡಿದೇನಿ, ನೀನಽ ಸಡಿಲ ಬಿಟ್ಟಿ." ಇಬ್ಬರೂ ನಕ್ಕೆವು. ಇನ್ನಷ್ಟು ನೀಲಿ ಕಲಸಿದಳು. ನೂಲು ಗೊತ್ತಿದ್ದವರು ನಾವು, ದೋಷವನ್ನು ನೂಲಿನಲ್ಲೇ ಹುಡುಕಿದೆವು. ನೇರವಾಗಿದ್ದದ್ದು ದಾರ ಒಂದೇ ಎಂದು ಹೊಳೆಯಲಿಲ್ಲ.

ಆಗ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಇಡೀ ಮಳೆಗಾಲದಲ್ಲಿ ನಾನು ದೇವರಿಗೆ ಕೈಮುಗಿಯುವುದು ಆ ಕರೆಂಟ್ ಹೋದದ್ದಕ್ಕೆ. ಆ ಮೌನದಲ್ಲಿ ಗೋಡೆಯ ಒಳಗಿನಿಂದ ಜೋಳ ಸುರಿದಂತೆ ಸಣ್ಣ ಸದ್ದು ಕೇಳಿಸಿತು. ಹಿಂದೆಯೇ ಆ ವಾಸನೆ.

ಸುವರ್ಣಾ ಕೆನ್ನೆಯನ್ನು ಗೋಡೆಗೆ ಹಚ್ಚಿ ಉದ್ದಕ್ಕೆ ಕಣ್ಣು ಹಾಯಿಸಿದಳು. ಅವಳ ಮುಖ ನನ್ನ ಕಡೆಗೇ ಇತ್ತು. ಆ ಮುಖದಲ್ಲಿದ್ದ ನಗು ಹೋದದ್ದನ್ನು ನಾನು ನೋಡಿದೆ.

"ಅಕ್ಕೋರ, ಗ್ವಾಡಿ ಹೊಟ್ಟಿ ಬಿಟ್ಟೈತಿ! ದಾರಾ ಬಿಡ್ರಿ! ಬಿಡ್ರಿ, ಓಡ್ರಿ!"

ಬಿಟ್ಟೆ. ಓಡಿದೆ. ಅವಳೂ ಓಡಿ ರಸ್ತೆಯ ನಡುವಿಗೆ ಬಂದಿದ್ದಳು. ಬಂದು ತಿರುಗಿ ನೋಡಿದಳು. ಕಾಕಾ ಬೆನ್ನು ಆನಿಸಿ ಕೂತೇ ಇದ್ದರು. ಕೊಡೆಯ ಕೆಳಗಿಂದ "ಏನಾತ್ಲೇ, ಯಾವ ಮನಿ ತಪ್ಪೇತಿ?" ಎಂದು ಕೇಳುತ್ತಿದ್ದರು.

ಅವಳು ವಾಪಸು ಓಡಿದಳು. ಎರಡೂ ತೋಳು ಹಿಡಿದು ಎಳೆದಳು. ಕಾಕಾ ಎದ್ದು ಮುಗ್ಗರಿಸಿ ಮುಂದೆ ಬಂದರು, ಅವಳು ಹಿಂದಿನಿಂದ ನೂಕಿದಳು. ಗೋಡೆ ಮೊದಲು ಬಾಗಲಿಲ್ಲ. ನಡುವೆ ಬಾಯಿ ತೆರೆಯಿತು, ಆಮೇಲೆ ಮೇಲಿನ ಭಾಗ, ಅವಳೇ ಬಿಡಿಸಿದ್ದ ಇಟ್ಟಿಗೆಗಳೆಲ್ಲ, ಬಣ್ಣದ ಸಮೇತ ಕೆಳಗಿಳಿದವು. ಧೂಳು ನನ್ನ ಬಾಯಿಯೊಳಗೆ ಬಂತು. ಧೂಳಿನ ಒಳಗಿನಿಂದ ಕಾಕಾ ಕೊಡೆ ಹಿಡಿದುಕೊಂಡೇ ನಡೆದು ಬಂದರು, ಮೈಮೇಲೆ ಒಂದು ಗೀರೂ ಇಲ್ಲದೆ. "ಸುವ್ವಿ ಎಲ್ಲಿ?" ಅಂದರು.

ಓಣಿಗೆ ಓಣಿಯೇ ಮಗ್ಗ ಬಿಟ್ಟು ಬಂತು. ಕಲ್ಲನ್ನು ಕೈಯಿಂದ ಕೈಗೆ ಸಾಗಿಸಿದರು. ನಾನು ಏನು ಮಾಡಿದೆನೋ ನೆನಪಿಲ್ಲ. ನೀಲಿ ದಾರದ ಒಂದು ತುದಿ ಮಣ್ಣಿನಿಂದ ಹೊರಗೆ ಇಣುಕುತ್ತಿತ್ತು, ಅದನ್ನು ಹಿಡಿದು ಎಳೆಯುತ್ತಿದ್ದೆನಂತೆ. "ಅಕ್ಕೋರ, ಅಲ್ಲೇ ಅದಾಳ, ಎಳೀಬ್ಯಾಡ್ರಿ" ಎಂದು ಯಾರೋ ನನ್ನ ಕೈ ಬಿಡಿಸಿದರಂತೆ. ದಾರ ಹೋದ ದಾರಿಯಲ್ಲೇ ಅಗೆದರು. ಅವಳು ಅದನ್ನು ಬಲಗೈಗೆ ಸುತ್ತಿಕೊಂಡಿದ್ದಳು. ತಲೆ, ಎದೆ ಕಟ್ಟೆಯ ಮಗ್ಗುಲಲ್ಲಿ ಉಳಿದಿದ್ದವು. ಬಲಗೈ ಮಾತ್ರ ಕಲ್ಲಿನ ಕೆಳಗಿತ್ತು.

ಮೊದಲು ಜಮಖಂಡಿಗೆ, ಅಲ್ಲಿಂದ ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ದರು. ಕೈ ಉಳಿಯಿತು. ಬೆರಳು ಮಡಚಲಿಲ್ಲ. ಅವಳಿಗೆ ಎಚ್ಚರ ಬಂದಾಗ ನಾನು ಹಾಸಿಗೆಯ ಮಗ್ಗುಲಿದ್ದೆ. "ಕಾಕಾ?" ಅಂದಳು. ಹೊರಗೆ ಚಹಾ ಕುಡಿಯುತ್ತಿದ್ದಾರೆ ಅಂದೆ. "ಕಾಗದಾ?" ಅಂದಳು. ನನ್ನ ಕೋಣೆಯಲ್ಲೇ ಇದೆ ಅಂದೆ. ಕಣ್ಣು ಮುಚ್ಚಿಕೊಂಡಳು. ಬನಹಟ್ಟಿಗೆ ಹೋಗಿ ಆ ಕಾಗದ ತಂದು ಕೊಟ್ಟೆ. ಅವಳು ಅದನ್ನು ಬಿಚ್ಚದೆ ದಿಂಬಿನ ಕೆಳಗೆ ಇಟ್ಟುಕೊಂಡಳು.

ಮಿರಜದಿಂದ ಅವಳು ಬನಹಟ್ಟಿಗೆ ಬರಲೇ ಇಲ್ಲ. ಇಚಲಕರಂಜಿಯಲ್ಲಿ ಅವಳ ಅಕ್ಕನ ಮನೆಯಿತ್ತು, ಅಲ್ಲಿಯೂ ಮಗ್ಗವೇ. ಕಾಕಾನೂ ಅಲ್ಲಿಗೇ ಹೋದರು. ಮನೆಗೆ ಬೇರೆ ಬಾಡಿಗೆಯವರು ಬಂದರು. ವರ್ಷ ಮುಗಿದು ನನ್ನ ಕೆಲಸವೂ ಮುಗಿಯಿತು, ಜಮಖಂಡಿಯಲ್ಲಿ ಬೇರೆ ಸಿಕ್ಕಿತು. ಮೊದಮೊದಲು ಫೋನ್ ಮಾಡುತ್ತಿದ್ದೆ.

"ಕೈ ಹೆಂಗೈತಿ?"

"ಐತ್ರಿ."

"ಚಿತ್ರಾ?"

"ಬಿಡ್ರಿ ಅಕ್ಕೋರ. ಕಾಕಾ ನಿಮ್ಮನ್ನ ಕೇಳಿದ."

ಅವಳ ದನಿಯಲ್ಲಿ ಚೇಷ್ಟೆ ಇರುತ್ತಿರಲಿಲ್ಲ, ಗೌರವ ಇರುತ್ತಿತ್ತು. ಅದನ್ನು ತಡೆಯಲಾಗದೆ ಫೋನ್ ಕಡಿಮೆಯಾಯಿತು, ಆಮೇಲೆ ನಿಂತಿತು. ಛತ್ರೆಪ್ಪ ಇನ್ನೂ ನನ್ನ ಮೊಬೈಲಿನಲ್ಲಿದ್ದಾನೆ. ಆಡುವುದಿಲ್ಲ. ಅಳಿಸುವುದಕ್ಕೂ ಮನಸ್ಸು ಬರುವುದಿಲ್ಲ. ಒಮ್ಮೊಮ್ಮೆ ತೆರೆದು ಆ ಚೌಕದ ಮೂಗನ್ನು ಹಿಗ್ಗಿಸಿ ನೋಡುತ್ತೇನೆ. ಅವಳಿಗೆ ಕಂಡ ಮನೆಗಳು ನನಗೆ ಬರೀ ಚೌಕಗಳಾಗಿ ಕಾಣುತ್ತವೆ. ಪಕ್ಕದಲ್ಲಿ ಅವಳಿರಬೇಕಿತ್ತು.

ಹೋದ ವಾರ ಆಟೋದವನಿಂದ ಬೈಸಿಕೊಂಡು ಸೀರೆ ಅಂಗಡಿ ಹೊಕ್ಕೆ. ಅಂಗಡಿಯವರು ಒಂದರ ಮೇಲೊಂದು ಹಾಸುತ್ತ ಹೋದರು. "ಇದು ಹೊಸಾ ಮಾಲ್ರಿ ಅಕ್ಕಾರ, ಇಚಲಕರಂಜಿದು. ದಡಿ ನೋಡ್ರಿ, ಹುಡುಗ್ಯಾರು ಭಾಳ ಕೇಳಾಕತ್ತಾರ. ಮುದುಕಪ್ಪನ ದಡಿ ಅಂತಾರ." ಹೇಳುತ್ತ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದು ತುದಿ ಹಿಡಿದು ಉದ್ದಕ್ಕೆ ಎಳೆದರು.

ದಾಳಿಂಬೆ ಬಣ್ಣದ ಸೀರೆ. ಅಂಚಿನ ಉದ್ದಕ್ಕೂ ಧೋತರದ ಮುದುಕರು ಕೊಡೆ ಬಿಚ್ಚಿ ಕೂತಿದ್ದರು. ಮೂಗಿನ ತುದಿಗೆ ಕನ್ನಡಕ. ಒಂದು ಕೈ ಮೇಲೆ, ಯಾವುದೋ ಮನೆ ತಪ್ಪಿದೆ ಎಂದು ಹೇಳುತ್ತ.

ಅಂಚನ್ನು ಕಣ್ಣಿನ ಹತ್ತಿರ ಹಿಡಿದೆ. ಖಾಲಿ ಮನೆಯೊಂದನ್ನು ಹುಡುಕಿದೆ. ಕೊಡೆಯ ತುದಿಯಲ್ಲಿ, ಟೊಪ್ಪಿಗೆಯಲ್ಲಿ, ಮೂಲೆಗಳಲ್ಲಿ. ಬೆರಳಿಂದ ಸವರಿ ನೋಡಿದೆ. ಎಲ್ಲ ಮನೆಗಳೂ ತುಂಬಿದ್ದವು. ಒಂದನ್ನೂ ಬಿಟ್ಟಿರಲಿಲ್ಲ.

"ಆತ್ರಿ ಅಕ್ಕಾರ?" ಆ ತುದಿಯಿಂದ ಅಂಗಡಿಯವರು ಕೇಳಿದರು. "ಬಿಡ್ರಿ, ಮಡಚತೇನಿ."

ನಾನು ಬಿಡಲಿಲ್ಲ. ಸೀರೆ ನಮ್ಮಿಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. ಅವರು ಇನ್ನೊಮ್ಮೆ "ಬಿಡ್ರಿ" ಅಂದರು. ನಾನು ಇನ್ನೂ ಬಿಗಿಯಾಗಿ ಹಿಡಿದೆ.